ಕೋಡಿ ಕಾಟವ್ವನ ಮಡಿಲಕ್ಕಿ

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಲ್ಲು ಬರದ ಕಾಲದಲ್ಲಿ, ಎತ್ತರಗಲ್ಲು ಅಂತ ಒಂದೂರು ಇತ್ತಂತೆ. ಇತ್ತಂತೆ ಅಂದರೆ ಈಗಲೂ ಇದೆ, ನಾವೆಲ್ಲ ಕೂತಿರುವುದು ಅಲ್ಲೇ. ಆ ಊರಿನಲ್ಲಿ ಕಾಟವ್ವ ಅಂತ ಒಬ್ಬ ಹೆಣ್ಣುಮಗಳು ಹುಟ್ಟಿದಳಂತೆ. ಕೆಳಗಿನ ತಗ್ಗಿನಹಳ್ಳಿಯವರು ಅವಳು ನಮ್ಮ ಸೊಸೆ, ನಮ್ಮವಳು ಅನ್ನುತ್ತಾರೆ. ಅನ್ನಲಿ. ಹೆತ್ತವರು ನಾವು. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಂಡು ಆಮೇಲೆ ಕಥೆ ಕೇಳಿ.

ಕಾಟವ್ವನ ಅಣ್ಣ ಗಾದ್ರಪ್ಪ ಈ ಊರಿನ ಗೌಡ. ತಂಗಿಯೆಂದರೆ ಅವನಿಗೆ ಪ್ರಾಣ. ಅವಳನ್ನು ಹಳ್ಳದ ಕೆಳಗಿನ ತಗ್ಗಿನಹಳ್ಳಿಗೆ ಮದುವೆ ಮಾಡಿ ಕೊಟ್ಟ ಮೇಲೆ, ವರ್ಷ ತಪ್ಪದೆ ಕರೆಸಿ, ಸೆರಗೊಡ್ಡಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿ ಮಡಿಲು ತುಂಬಿ ಕಳಿಸುತ್ತಿದ್ದನಂತೆ. ಆ ಮಡಿಲಕ್ಕಿ ಕಟ್ಟಿಕೊಂಡು ಅವಳು ಹಳ್ಳದ ಗುಂಟ ನಡೆದು ಹೋಗುವಳು. ನಡೆಯುತ್ತಾ ನೀರು ನೋಡುವಳು. ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಮಳೆಗಾಲ ಕಳೆದ ಮೇಲೆ ಯಾವ ಬಂಡೆಗೆ ಎಷ್ಟೆತ್ತರದಲ್ಲಿ ಕಸ ಅಂಟಿದೆ, ಎಲ್ಲ ನೋಡುವಳು. ನೀರು ಅವಳ ಹತ್ತಿರ ಮಾತಾಡುತ್ತಿತ್ತು ಅನ್ನುತ್ತಾರೆ. ಮಾತಾಡಿದ್ದನ್ನು ಕೇಳಿದವರು ಯಾರೂ ಇಲ್ಲ, ಅವಳ ಕಣ್ಣು ಚುರುಕಾಗಿತ್ತು ಅಂತ ನನ್ನ ಅಂದಾಜು.

ಒಂದು ಸಲ ಗೌಡನಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಹಳ್ಳವನ್ನು ತಡೆದು ಕೆರೆ ಕಟ್ಟಿಸುವ ಮನಸ್ಸಾಯಿತು. ಊರೆಲ್ಲ ಮಣ್ಣು ಹೊತ್ತಿತು. ಏರಿ ಎದ್ದು ನಿಂತಿತು. ಇನ್ನು ಉಳಿದದ್ದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದು ಹೋಗುವ ಬಾಯಿ ಅದು. ಅದನ್ನು ಎಷ್ಟೆತ್ತರಕ್ಕೆ ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳಿದರು. ಗೌಡ ತಂಗಿಯನ್ನೇ ಕರೆಸಿದ. ಕಾಟವ್ವ ಒಂದು ಮಳೆ ನೋಡಿದಳು, ಏರಿಯ ಮೇಲೆ ಓಡಾಡಿದಳು, ಕೊನೆಗೆ ಪಕ್ಕದ ಬಂಡೆಯ ಮೇಲೆ ತನ್ನ ಸೊಂಟದೆತ್ತರಕ್ಕೆ ಸುಣ್ಣದ ಗೆರೆ ಎಳೆದಳು.

ಗೌಡನ ಮುಖ ಸಪ್ಪಗಾಯಿತು. ಇಷ್ಟು ಕೆಳಗಾ ಅಂದ. ಇನ್ನೊಂದಾಳುದ್ದ ನೀರು ನಿಲ್ಲಿಸಿದರೆ ಇನ್ನೆಷ್ಟು ಗದ್ದೆ ಮಾಡಬಹುದು ಅಂದ.

"ಅಣ್ಣಯ್ಯ, ಅದಕ್ಕಿಂತ ಮ್ಯಾಲೆ ನೀರು ನಿಂತ್ರೆ ಈ ಹಸಿ ಏರಿ ತಡೆಯಾಕಿಲ್ಲ. ತಡೆದ್ರೂ ನಮ್ಮ ಕೆಳಗಿನ ಕೆರೆಗೆ ಹನಿ ನೀರು ಬರಾಕಿಲ್ಲ."

"ನಮ್ಮ ಕೆರೆನಾ? ಗಂಡನ ಮನೆ ನೀರು ಕುಡಿದು ತವರನ್ನ ಮರೆತುಬಿಟ್ಯಾ?"

"ಎಲ್ಡೂ ಊರ ನೀರು ಕುಡ್ದಿರೋದಕ್ಕೇ ಹೇಳ್ತಾ ಇದೀನಿ ಕಣಣ್ಣ."

ಮಾತಿಗೆ ಮಾತು ಬೆಳೆಯಿತು. ಗೌಡ ಕಲ್ಲುಚಪ್ಪಡಿಗಳನ್ನು ತರಿಸಿ, ಗೆರೆಯ ಮೇಲೆ ಆಳುದ್ದ ನಿಲ್ಲಿಸಿ, ಕೋಡಿಯ ಬಾಯಿ ಮುಚ್ಚಿಸಿದ. ಇನ್ನು ಈ ಮನೆಯಿಂದ ತಂಗಿಗೆ ಮಡಿಲಕ್ಕಿ ಇಲ್ಲ ಅಂದುಬಿಟ್ಟ. ಕಾಟವ್ವ ಸುಮ್ಮನೆ ಒಂದು ಮಾತು ಒಪ್ಪಿಕೊಂಡಿದ್ದರೆ ತವರು ಉಳಿಯುತ್ತಿತ್ತು. ಒಪ್ಪಲಿಲ್ಲ. ಬರಿ ಸೆರಗಿನಲ್ಲಿ ಹಳ್ಳದ ಗುಂಟ ಇಳಿದು ಹೋದಳು. ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ನಾನು ಕಥೆ ನಿಲ್ಲಿಸಲೇಬೇಕು. ಒಂದು ಲೋಟ ನೀರು ಕೊಡಿ.

ಆ ವರ್ಷ ನಮ್ಮ ಕೆರೆ ಅರ್ಧ ತುಂಬಿತು, ತಗ್ಗಿನಹಳ್ಳಿಯ ಕೆರೆ ಬಿರುಕು ಬಿಟ್ಟಿತು. ಮರುವರ್ಷ ಹಿಡಿಯಿತು ನೋಡಿ, ಕುಂಭದ್ರೋಣ ಮಳೆ. ಸೂರ್ಯ ಇದ್ದಾನೋ ಇಲ್ಲವೋ ಅಂತ ಜನಕ್ಕೆ ಮರೆತೇ ಹೋಗಿತ್ತು ಅನ್ನುತ್ತಾರೆ. ಕೆರೆಯ ನೀರು ಸುಣ್ಣದ ಗೆರೆ ಮುಟ್ಟಿತು. ಗೌಡ ಮೀಸೆ ತಿರುವಿದ. ನೀರು ಗೆರೆ ದಾಟಿತು. ಊರು ಕುಣಿಯಿತು. ನೀರು ಚಪ್ಪಡಿಯ ಎದೆಗೆ ಬಂತು, ಏರಿಯ ಹಿಂಬದಿಯ ಬುಡದಲ್ಲಿ ಮಣ್ಣು ಬೆವರತೊಡಗಿತು. ಆಗ ಕುಣಿತ ನಿಂತಿತು. ಏರಿ ಒಡೆದರೆ ನಮಗೆ ಕೆರೆ ಹೋಗುತ್ತದೆ, ತಗ್ಗಿನಹಳ್ಳಿಯಲ್ಲಿ ಒಂದು ನರಪಿಳ್ಳೆಯೂ ಉಳಿಯುವುದಿಲ್ಲ. ಚಪ್ಪಡಿ ಕೀಳಿ ಅಂತ ಹೇಳಲು ಮಾತ್ರ ಗೌಡನಿಗೆ ಬಾಯಿ ಬರಲೊಲ್ಲದು.

ಅಷ್ಟರಲ್ಲಿ ಕೆಳಗಿನಿಂದ ತಗ್ಗಿನಹಳ್ಳಿಯ ಗಂಡಸರು ಹಾರೆ ಹಿಡಿದು ಹತ್ತಿ ಬಂದರು. ನಮ್ಮವರು ದೊಣ್ಣೆ ಹಿಡಿದು ಕೋಡಿಗೆ ಅಡ್ಡ ನಿಂತರು. ಇನ್ನೇನು ತಲೆಗಳು ಒಡೆಯಬೇಕು, ಕೆಳಗಿನವರ ಜೊತೆ ಹತ್ತಿ ಬಂದಿದ್ದ ಕಾಟವ್ವ ತನ್ನವರನ್ನು ಹಿಂದೆ ನಿಲ್ಲಿಸಿ ಒಬ್ಬಳೇ ಮುಂದೆ ಬಂದಳು. ಮಳೆಯಲ್ಲಿ ತೊಯ್ದ ಸೆರಗನ್ನು ಹಿಂಡಿ, ಅಣ್ಣನ ಎದುರಿಗೆ ಒಡ್ಡಿದಳು.

"ಮಡಿಲಕ್ಕಿಗೆ ಬಂದೀನಿ ಅಣ್ಣಯ್ಯ. ಅಕ್ಕಿ ಬ್ಯಾಡ, ಬೆಲ್ಲ ಬ್ಯಾಡ. ಆ ಕಲ್ಲು ಹಾಕು."

ಎತ್ತಿದ ಹಾರೆ, ದೊಣ್ಣೆ ಎಲ್ಲ ಕೆಳಗಿಳಿದವು. ಮನೆಮಗಳು ಸೆರಗೊಡ್ಡಿ ಕೇಳಿದರೆ ಯಾವ ತವರು ಇಲ್ಲ ಅನ್ನುತ್ತದೆ? ಗೌಡ ತಗ್ಗಿನಹಳ್ಳಿಯವನ ಕೈಯಿಂದಲೇ ಹಾರೆ ಇಸಿದುಕೊಂಡು ಮೊದಲ ಚಪ್ಪಡಿಯನ್ನು ತಾನೇ ಮೀಟಿದ. ಅಳುತ್ತಾ ಮೀಟಿದ ಅನ್ನುತ್ತಾರೆ. ಆಮೇಲೆ ಎರಡೂ ಊರಿನ ಗಂಡಸರು ಕೈ ಹಾಕಿದರು. ನೀರು ಕೋಡಿಯಿಂದ ಧುಮುಕಿ, ಹಳ್ಳ ಹಿಡಿದು, ತಗ್ಗಿನಹಳ್ಳಿಯ ಕೆರೆಗೆ ಓಡಿತು. ಏರಿ ಉಳಿಯಿತು.

ಆ ಮೊದಲ ಚಪ್ಪಡಿಯನ್ನು ಅಣ್ಣ ತಂಗಿಯ ಮಡಿಲಿಗೆ ಹಾಕಿದನಂತೆ, ಅವಳು ಅದನ್ನು ಕಟ್ಟಿಕೊಂಡು ಗಂಡನ ಊರಿಗೆ ನಡೆದಳಂತೆ. ಅದನ್ನು ಎತ್ತಲು ಹತ್ತಾಳು ಬೇಕು. ನಮ್ಮಜ್ಜಿ ಇಪ್ಪತ್ತಾಳು ಅನ್ನುತ್ತಿದ್ದಳು. ಅನುಮಾನ ಇದ್ದವರು ತಗ್ಗಿನಹಳ್ಳಿ ಕೆರೆಯ ಕೋಡಿಗೆ ಹೋಗಿ ನೋಡಿ, ಅಲ್ಲೇ ನಿಂತಿದೆ. ಬೇಕಾದರೆ ಎತ್ತಿಯೂ ನೋಡಿ.

ಸುದ್ದಿ ಹಬ್ಬಿತು. ಕೋಡಿ ಕಾಟವ್ವನನ್ನು ಕರೆಯಿರಿ ಅಂತ ಊರೂರಿನಿಂದ ಜನ ಬಂದರು. ಮಣ್ಣು ಬಲ್ಲ ಒಬ್ಬ ಕುಂಬಾರ, ಒಬ್ಬ ಕಲ್ಲುಕುಟಿಗ, ಏರಿ ಕೆಲಸದ ಒಬ್ಬ ಭೋವಿ ಅವಳ ಜೊತೆ ಸೇರಿದರು. ಜನ ಆ ಗುಂಪನ್ನು ಹೇಳಿಕೆಯ ಮನೆ ಅಂತ ಕರೆದರು. ಅವರು ಕೆರೆ ಕಟ್ಟುತ್ತಿರಲಿಲ್ಲ, ಹೇಗೆ ಕಟ್ಟಬೇಕು ಅಂತ ಹೇಳುತ್ತಿದ್ದರು. ಬಾಯಲ್ಲಿ ಹೇಳುವುದೂ ಒಂದು ಕೆಲಸವಾ ಅಂತ ನಕ್ಕವರೂ ಇದ್ದರು. ಆ ನಕ್ಕವರ ಏರಿ ಒಂದಾದರೂ ಉಳಿದಿದ್ದರೆ ತೋರಿಸಿ ನೋಡೋಣ.

ಆ ಮನೆಯವರು ಕರೆದ ಊರಿಗೆ ಮೊದಲು ಹೋಗುತ್ತಿರಲಿಲ್ಲ. ಅದರ ಕೆಳಗಿನ ಊರಿಗೆ ಹೋಗಿ, ನೀರು ಕೇಳಿ ಕುಡಿದು, ಆಮೇಲೆ ಮೇಲಕ್ಕೆ ಹತ್ತುತ್ತಿದ್ದರು. ಸುಣ್ಣದ ಗೆರೆ ಎಳೆಯುವ ಅಧಿಕಾರ ಎರಡು ಊರಿನಲ್ಲಿ ಬಾಳಿದವರಿಗೆ ಮಾತ್ರ. ಹಾಗಾಗಿ ಅದು ಮಗಳಿಗೆ ಇಲ್ಲವೇ ಸೊಸೆಗೆ. ಗಂಡುಮಕ್ಕಳಿಗೆ ಆಸೆಯಾದರೆ ಮನೆಅಳಿಯನಾಗಿ ಹೋಗಿ, ಅತ್ತೆಯ ಕೈಲಿ ಬೈಸಿಕೊಂಡು, ಆ ಊರಿನ ನೀರು ಕುಡಿದು ಬರಬೇಕಿತ್ತು. ಎಷ್ಟೋ ಜನ ಹೋದರು ಅನ್ನುತ್ತಾರೆ! ಈ ಸೀಮೆಯಲ್ಲಿ ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ, ಅದರದ್ದು ಮತ್ತೊಂದಕ್ಕೆ ಹೋಗುತ್ತದಲ್ಲ, ಎಲ್ಲ ಆ ಮನೆಯವರು ತಲೆಮಾರುಗಟ್ಟಲೆ ಎಳೆದ ಗೆರೆ. ನಮ್ಮೂರ ಹೆಣ್ಣುಮಗಳು ಹಾಕಿಕೊಟ್ಟ ದಾರಿ ಅಂದರೆ ನನಗೆ ಎದೆ ಉಬ್ಬುತ್ತದೆ.

ಅದಕ್ಕೇ ಇವತ್ತಿಗೂ ನಮ್ಮ ಕೆರೆ ತುಂಬಿ ಕೋಡಿ ಬಿದ್ದ ದಿನ ತಮಟೆ ಮೊದಲು ತಗ್ಗಿನಹಳ್ಳಿಗೆ ಹೋಗುತ್ತದೆ. ಅಲ್ಲಿನ ಹೆಂಗಸರೆಲ್ಲ, ಯಾವ ಜಾತಿ, ಗಂಡ ಇದ್ದಾನೋ ಇಲ್ಲವೋ ಅಂತ ಯಾರೂ ಕೇಳದೆ, ಹತ್ತಿ ಬರುತ್ತಾರೆ. ಕೋಡಿಯ ಮೇಲೆ ನಿಂತು ಅವರ ಮಡಿಲು ತುಂಬುವುದು ಗಾದ್ರಪ್ಪಗೌಡನ ವಂಶದ ಹಿರಿಯನ ಕೆಲಸ. ಈಗ ಅದು ನನ್ನದು. ಅಕ್ಕಿ, ಬೆಲ್ಲ, ಜೊತೆಗೆ ಕೋಡಿಯಿಂದ ಆರಿಸಿದ ಒಂದು ಸಣ್ಣ ಕಲ್ಲು.

ಹೋದ ಸಲ ತಗ್ಗಿನಹಳ್ಳಿ ಶಾಲೆಗೆ ಹೊಸದಾಗಿ ಬಂದ ಟೀಚರಮ್ಮ ದೂರ ನಿಂತಿದ್ದಳು. ಬಾರವ್ವ ಅಂತ ಕರೆದೆ.

"ನಾನು ಈ ಕಡೆಯವಳಲ್ಲ ಅಜ್ಜ. ಇಲ್ಲಿ ನನಗೆ ಯಾರೂ ಇಲ್ಲ."

"ಕೆಳಗಿನ ಊರ ನೀರು ಕುಡೀತೀಯೋ ಇಲ್ವೋ?"

"ಕುಡೀತೀನಿ."

"ಹಂಗಾದ್ರೆ ಇದು ನಿನ್ನ ತವರು. ಒಡ್ಡು ಮಗಳೇ."

ಅವಳಿಗೆ ಸೆರಗಿರಲಿಲ್ಲ, ಚೂಡಿದಾರದ ದುಪಟ್ಟಾ ಒಡ್ಡಿದಳು. ನಾನು ಅಕ್ಕಿ ಹಾಕಿ, ಮೇಲೆ ಕಲ್ಲು ಇಟ್ಟೆ.