ಸ್ವರ ನಿಲ್ಲುವ ಜಾಗ

"ಗುರುಗಳೇ, ಒಬ್ಬನ ಕೂತಾಗ ಕೈಗೆ ಹತ್ತೂ ಸುರ ಸಭಾದಾಗ ಯಾಕ ಹತ್ತೂದಿಲ್ರಿ?" ಎಂದು ಮಹಾರುದ್ರ ಕೇಳಿದ.

ಅವನು ಸಿತಾರ್ ಕಲಿಯುತ್ತಿದ್ದ ಶಿಷ್ಯ. ಹಿಂದಿನ ದಿನ ಊರವರ ಮುಂದೆ ಬಾರಿಸಿ, ಮುಖ ಸಣ್ಣದು ಮಾಡಿಕೊಂಡು ಬಂದಿದ್ದ. ಇನ್ನು ಮೇಲೆ ತನ್ನ ಕೋಣೆ ಬಿಟ್ಟು ಬೇರೆಲ್ಲೂ ಬಾರಿಸುವುದಿಲ್ಲ ಎಂದು ತೀರ್ಮಾನಿಸಿಯೂ ಆಗಿತ್ತು. ಗುರುಗಳಿಂದ ಅದಕ್ಕೊಂದು ಹೂಂ ಅನ್ನಿಸಿಕೊಂಡರೆ ಸಾಕಿತ್ತು.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಕತೆ ಶುರುಮಾಡಿದರು.

ಮೆಕ್ಸಿಕೋ ದೇಶದ ಒಂದು ಊರಿನಲ್ಲಿ ಒಬ್ಬ ಪಿಟೀಲುಗಾರನಿದ್ದ. ಸಂಜೆಯಾದರೆ ಆ ಊರಿನ ಚೌಕದಲ್ಲಿ ಮೇಜು ಕುರ್ಚಿ ಹಾಕುತ್ತಿದ್ದರು. ಜನ ಉಣ್ಣುವುದಕ್ಕೆ, ಹರಟುವುದಕ್ಕೆ ಬಂದು ಕೂರುತ್ತಿದ್ದರು. ವಾದಕರಿಗೆ ವೇದಿಕೆ ಇರಲಿಲ್ಲ. ಹಾಡು ಬೇಕಾದವರು ತಲೆಯ ಮೇಲಿನ ಟೋಪಿ ತೆಗೆದು ಮೇಲೆತ್ತಿ ಹಿಡಿಯುತ್ತಿದ್ದರು. ಅದನ್ನು ಕಂಡ ವಾದಕ ಬಾರಿಸುತ್ತಲೇ ಆ ಮೇಜಿನತ್ತ ನಡೆಯಬೇಕು. ಅದು ಅಲ್ಲಿಯ ಪದ್ಧತಿ. ಪಿಟೀಲುಗಾರ ಹೀಗೆ ನಡೆದೂ ನಡೆದೂ ಚಪ್ಪಲಿ ಸವೆಸಿದ್ದನೇ ಹೊರತು, ಕರೆದವರ ಬಳಿಗೆ ಹೋಗದೆ ಉಳಿದವನಲ್ಲ.

ಅವನಿಗೊಬ್ಬ ಮಗ. ಮಗನೂ ಪಿಟೀಲು ಹಿಡಿದು ಅಪ್ಪನ ಬೆನ್ನಿಗೇ ನಡೆದು ಬೆಳೆದ. ಆದರೆ ಗಡಿಯಾಚೆಯ ರೇಡಿಯೋದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು. ಪಿಟೀಲು ಮೂಲೆ ಸೇರಿತು.

ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಕಮಾನಿನಿಂದ ಎಳೆದ ಸ್ವರ ಎಳೆದಷ್ಟು ಹೊತ್ತೂ ಬದುಕಿರುತ್ತದೆ. ನಿನ್ನದು ಚಿವುಟಿದ ಸ್ವರ. ಹುಟ್ಟಿದ ಬೆನ್ನಿಗೇ ಸಾಯುತ್ತದೆ" ಎಂದ.

"ಸಾಯದ ಸ್ವರವನ್ನು ಗಿಟಾರಿನಲ್ಲೇ ನುಡಿಸಿ ತೋರಿಸುತ್ತೇನೆ, ಅಪ್ಪ. ಅಲ್ಲಿಯ ತನಕ ನಿನಗೆ ಮುಖ ತೋರಿಸುವುದಿಲ್ಲ" ಎಂದು ಮಗ ಉತ್ತರದ ದೊಡ್ಡ ಶಹರಕ್ಕೆ ಹೊರಟುಹೋದ.

ಶಹರದಲ್ಲಿ ಅವನು ರಾಕ್ ಸಂಗೀತ ಕಲಿತ. ಬೆರಳುಗಳು ಚುರುಕಾದವು. ಆದರೆ ಹುಟ್ಟೂರಿನ ಚೌಕದ ತಾಳ ಕಾಲು ಬಿಟ್ಟು ಹೋಗಲೊಲ್ಲದು. ಕೊನೆಗೆ ಅವನು ಕೈಯಿಂದ ಬಡಿಯುವ ಕೊಂಗಾ ಎಂಬ ಉದ್ದನೆಯ ಡೋಲಿನವರನ್ನು ಜೊತೆಗೆ ಕರೆದುಕೊಂಡ. ಕೆಳಗೆ ತನ್ನ ಜನರ ತಾಳ, ಮೇಲೆ ಗಿಟಾರಿನ ಗುಡುಗು. ಇದು ಯಾವ ಸಂಗೀತ ಎಂದು ಪಂಡಿತರು ಜಗಳಕ್ಕೆ ಬಿದ್ದರು. ಜನ ಮಾತ್ರ ಅದನ್ನು ಯೋಚಿಸುವ ಮೊದಲೇ ಎದ್ದು ಕುಣಿದರು.

ಸಾಯದ ಸ್ವರವೂ ಅವನಿಗೆ ಸಿಕ್ಕಿತು. ಗಿಟಾರಿನ ಸದ್ದು ಹಿಂದಿನ ಸ್ಪೀಕರಿನಿಂದ ಹೊರಬಂದು, ಗಿಟಾರಿನ ತಂತಿಯನ್ನೇ ಮುಟ್ಟಿ ಮತ್ತೆ ಅಲುಗಿಸುತ್ತದೆ. ತಕ್ಕ ಜಾಗದಲ್ಲಿ ನಿಂತರೆ ಒಮ್ಮೆ ಮೀಟಿದ ಸ್ವರ ಪಿಟೀಲಿನ ಸ್ವರದ ಹಾಗೆ ನಿಂತೇ ಬಿಡುತ್ತದೆ. ಬಾರಿಸುತ್ತ ವೇದಿಕೆಯ ಮೇಲೆ ಅತ್ತ ಇತ್ತ ಅಲೆಯುವಾಗ ಆ ಜಾಗ ಅವನಿಗೆ ಸಿಕ್ಕುತ್ತಿತ್ತು. ಒಂದೊಂದು ದಿನ ಬೇಗ, ಒಂದೊಂದು ದಿನ ತಡವಾಗಿ. ಹೀಗೆ ಅವನ ಹೆಸರು ಊರೂರು ಹಬ್ಬಿತು.

ಕೊನೆಗೆ ಹುಟ್ಟೂರಿನಿಂದಲೇ ಕರೆ ಬಂತು. ಅಪ್ಪನೂ ಬರುತ್ತಾನೆ ಎಂದು ತಿಳಿದಾಗ ಹೆಸರಾಂತ ವಾದಕನಿಗೂ ಅಳುಕಾಯಿತು. ಅಪ್ಪನ ಎದುರು ಸ್ವರ ಸತ್ತರೆ ಇಷ್ಟು ವರ್ಷದ ಹಠವೆಲ್ಲ ನೀರುಪಾಲು. ಈ ಒಂದು ದಿನ ಅಲೆದಾಡಿ ಹುಡುಕುವ ಪಾಡು ಬೇಡ ಎಂದುಕೊಂಡ. ಮಧ್ಯಾಹ್ನವೇ ಸಭಾಂಗಣಕ್ಕೆ ಹೋದ. ವೇದಿಕೆಯ ಹಲಗೆ ಹಲಗೆಯ ಮೇಲೂ ನಿಂತು ತಂತಿ ಮೀಟಿದ. ಒಂದು ಕಡೆ ಸ್ವರ ಹಿಂದೆಂದೂ ನಿಂತಿರದಷ್ಟು ಚೆನ್ನಾಗಿ ನಿಂತಿತು. ಅಲ್ಲಿ ಸೀಮೆಸುಣ್ಣದಿಂದ ದುಂಡಗೆ ಗುರುತು ಹಾಕಿದ. ಕೊಂಗಾದವನು ಅದನ್ನು ನೋಡಿ, "ಇದೇನು, ದೃಷ್ಟಿ ತಾಗದಿರಲೆಂದು ಹಾಕಿದ ಗೆರೆಯೇ?" ಎಂದು ಕಿಚಾಯಿಸಿದ. ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಅವನಷ್ಟು ನಿಶ್ಚಿಂತನಾದ ವಾದಕ ಆ ದೇಶದಲ್ಲಿ ಇನ್ನೊಬ್ಬನಿರಲಿಲ್ಲ.

ಸಂಜೆ ಸಭಾಂಗಣ ಕಿಕ್ಕಿರಿಯಿತು. ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ, ತಲೆಯ ಮೇಲೆ ಅದೇ ಹಳೆಯ ಟೋಪಿ. ಮಗ ಗುರುತಿನೊಳಗೆ ಎರಡೂ ಕಾಲಿಟ್ಟು ನಿಂತ. ಉದ್ದನೆಯ ಸ್ವರದ ಸರದಿ ಬಂತು. ಮೀಟಿದ.

ಸ್ವರ ಹುಟ್ಟಿತು, ಸತ್ತಿತು.

ಮತ್ತೆ ಮೀಟಿದ, ಮತ್ತೆ ಸತ್ತಿತು. ಬಗ್ಗಿ ನೋಡಿದ. ಕಾಲು ಗುರುತಿನೊಳಗೇ ಇತ್ತು. ಇನ್ನಷ್ಟು ಬಿಗಿಯಾಗಿ ನಿಂತ. ಮಧ್ಯಾಹ್ನ ಅಲ್ಲಿ ಬರೀ ಕುರ್ಚಿಗಳಿದ್ದವು, ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಈಗ ಜನರಿದ್ದರು. ಅವರ ಮೈ, ಅವರ ಬಟ್ಟೆ, ತೊಡೆಯ ಮೇಲೆ ನಿದ್ದೆಹೋದ ಅವರ ಕೂಸುಗಳು, ಎಲ್ಲವೂ ಸದ್ದನ್ನು ಹೀರುತ್ತಿದ್ದವು. ಸ್ವರ ನಿಲ್ಲುವ ಜಾಗ ಎತ್ತಲೋ ಸರಿದುಹೋಗಿತ್ತು. ಗುರುತು ಮಾತ್ರ ಹಾಕಿದಲ್ಲೇ ಇತ್ತು. ಭಯದಲ್ಲಿ ಅವನಿಗೆ ಇದು ಹೊಳೆಯಲಿಲ್ಲ. ಡೋಲಿನವರು ಮಾನ ಉಳಿಸಲು ಜೋರಾಗಿ ಬಡಿಯತೊಡಗಿದರು. ಅವನು ಮಾತ್ರ ಬೆವೆತು ಹೋಗಿದ್ದ.

ಆಗ ಮುಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತ. ಟೋಪಿ ತೆಗೆದು ಮೇಲೆತ್ತಿ ಹಿಡಿದ.

ಮಗನ ತಲೆ ಏನು ಮಾಡುವುದೆಂದು ತಿಳಿಯದೆ ನಿಂತಿತ್ತು. ಕಾಲುಗಳಿಗೆ ತಿಳಿದಿತ್ತು. ಅವು ಸೀಮೆಸುಣ್ಣವನ್ನು ತುಳಿದು ದಾಟಿ ಟೋಪಿಯತ್ತ ನಡೆದವು. ಅವನು ನಡೆಯುತ್ತಲೇ ತಂತಿ ಮೀಟಿದ. ದಾರಿಯ ನಡುವೆ, ಯಾವುದೋ ಒಂದು ಹಲಗೆಯ ಮೇಲೆ, ಸ್ವರ ನಿಂತಿತು. ನಿಂತದ್ದು ನಿಂತೇ ಇತ್ತು. ಜನ ಕುರ್ಚಿ ತಳ್ಳಿ ಎದ್ದರು. ಆ ಗದ್ದಲದಲ್ಲಿ ಅಪ್ಪನೂ ಸೊಂಟ ನೋವು ಮರೆತು ಕುಣಿದ.

ಕಚೇರಿ ಮುಗಿದ ಮೇಲೆ ಮಗ ಓಡಿ ಬಂದು, "ಅಪ್ಪ, ಸ್ವರ ಸಾಯಲಿಲ್ಲವಲ್ಲ?" ಎಂದು ಕೇಳಿದ.

"ಸಾಯಲಿಲ್ಲ ಮಗನೇ, ನಾನೇ ಸೋತೆ. ಆದರೆ ಮೊದಲು ಯಾಕೆ ಹಾಗೆ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಿದ್ದೆ?" ಎಂದು ಅಪ್ಪ ಅವನನ್ನು ಅಪ್ಪಿಕೊಂಡ. ಸೋತು ಇಷ್ಟು ಖುಷಿಪಟ್ಟವನನ್ನು ಆ ಊರು ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾರುದ್ರನ ಮುಖ ಅರಳಿತ್ತು. ಅವನು ಮುಂದಕ್ಕೆ ಸರಿದು ಕೂತ.

"ತಿಳೀತ್ರಿ ಗುರುಗಳೇ. ಜನಾ ಇದ್ದಾಗನ ಜಾಗಾ ಹುಡುಕಬೇಕು. ಅಲ್ರೀ, ಆ ದಿನ ಸುರ ನಿಂತಿತಲ್ಲ, ಅದು ವೇದಿಕಿ ಮ್ಯಾಲೆ ಖರೇ ಯಾವ ಜಾಗಾದಾಗ ಇತ್ರಿ?"

ಗುರುಗಳು ನಕ್ಕುಬಿಟ್ಟರು.

"ಹೇಳ್ತಿದ್ದೆ ತಮ್ಮಾ, ಆದ್ರ ನಿನ್ನ ಕೈಯಾಗ ಆಗಲೇ ಸೀಮೆಸುಣ್ಣ ಕಾಣಾಕತ್ತೈತಿ."

ಮಹಾರುದ್ರ ತನ್ನ ಬರಿಗೈ ನೋಡಿಕೊಂಡ.