ಸೀಮೆಎಣ್ಣೆ ಸಾಹುಕಾರನ ತ್ಯಾಗ

ಎಪ್ಪತ್ತೊಂದರ ಯುದ್ಧ ನಡೆದಿತ್ತು. ಸೈನಿಕರ ಮನೆಯವರಿಗಾಗಿ ನಮ್ಮೂರಿನ ವ್ಯಾಪಾರಿಗಳು ಸೇರಿ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ಗೋದಾಮಿನಲ್ಲಿ ಸೀಮೆಎಣ್ಣೆ ಬಚ್ಚಿಟ್ಟಿದ್ದ ಅಂದಾನೆಪ್ಪ ಸಾಹುಕಾರ ಕೊಟ್ಟದ್ದು ಒಂದು ಪರದೆ ಮಾತ್ರ. ಆದರೂ ನಿರೂಪಕ ಇಮಾಮಸಾಬನಿಗೆ ತಾಕೀತು ಮಾಡಿದ: "ಪ್ರತಿ ಹಾಡಿಗೂ ನನ್ನ ತ್ಯಾಗ ಹೊಗಳಬೇಕು."

"ಆತ್ರೀ ಸಾವ್ಕಾರ್ರ."

ಮೊದಲ ಹಾಡು ಮುಗಿಯಿತು. ಇಮಾಮಸಾಬ ಮೈಕಿನಲ್ಲಿ ಸಾರಿದ: "ನಾಳೆ ಮುಂಜಾನೆ ಸಾವ್ಕಾರ್ರು ಸೈನಿಕರ ಮನಿಗೊಂದು ಡಬ್ಬಿ ಸೀಮೆಎಣ್ಣಿ ಪುಕ್ಕಟೆ ಕೊಡ್ತಾರ."

ಚಪ್ಪಾಳೆ ನಿಲ್ಲಲೇ ಇಲ್ಲ. ಸಾಹುಕಾರ ಹಲ್ಲು ಕಚ್ಚಿಕೊಂಡು ಎದ್ದು ಕೈಮುಗಿದ.

ಮರುದಿನ ಎಲ್ಲರಿಗೂ ಎಣ್ಣೆ ಸಿಕ್ಕಿತು. ಕೊನೆಗೆ ಇಮಾಮಸಾಬ ಡಬ್ಬಿ ಹಿಡಿದು ನಿಂತ. ಅವನ ಮಗನೂ ಗಡಿಯಲ್ಲಿದ್ದ.

"ಖಾಲಿ ಆಗೇತಿ," ಎಂದ ಸಾಹುಕಾರ, ತುಂಬಿದ ಪೀಪಾಯಿಯ ಮೇಲೆ ಕೂತು.

ಸಂಜೆ ಮಗನ ಪತ್ರ ಬಂತು. ಇಮಾಮಸಾಬ ಅದನ್ನು ಇನ್ನೊಬ್ಬ ಸೈನಿಕನ ಮನೆಯ ದೀಪದ ಬೆಳಕಿನಲ್ಲಿ ಓದಿಕೊಂಡ.