ಕರಿ ಕಂಬಳಿ ಮೇಲಿನ ನೀಲಿ

ಪೂಜ್ಯ ಶ್ರೀ ನಿರಂಜನಯ್ಯ ಅಪ್ಪಗಳ ಮಠದಲ್ಲಿ ನನ್ನಷ್ಟು ಚೆಂದ ಸಾಯುವವನು ಇನ್ನೊಬ್ಬ ಇರಲಿಲ್ಲ. ಮೂರು ದಿನ ಕಾಲರಾ ರೋಗಿಯ ಸೋಗು ಹಾಕಿ ಮಲಗಿದ್ದೆ. ನಾಡಿ ಹಿಡಿದ ಡಾಕ್ಟರೇ ಕಣ್ಣೀರು ಹಾಕಿದರು. ಸುಳ್ಳು ಅನ್ನುವವರು ಬರಲಿ. ನೋಡಿದವರೆಲ್ಲ ಈಗ ಲಿಂಗೈಕ್ಯರು. ನನಗೆ ಅಕ್ಷರ ಬಾರದು. ನಾನು ಹೇಳುತ್ತೇನೆ, ಮೊಮ್ಮಗಳು ಸುಗಲಾ ಬರೆಯುತ್ತಾಳೆ.

ಆಗ ಮಠವೆಂದರೆ ಭೀಮಾ ನದಿಯ ದಂಡೆಯಲ್ಲಿ ಒಂದು ಮಣ್ಣಿನ ಮಾಳಿಗೆ, ಅಷ್ಟೇ. ಆಚೆ ದಂಡೆಯ ಕಡ್ಲಿಹಾಳಕ್ಕೆ ಕಾಲರಾ ಹೊಕ್ಕು ಐದು ಹೆಣ ಬಿದ್ದಿದ್ದವು. ಆರೈಕೆಗೆ ಹೋಗಲು ಒಪ್ಪಿದ ಎಂಟು ಜನರಿಗೆ ಅಪ್ಪಗಳೇ ಕೆಲಸ ಕಲಿಸುತ್ತಿದ್ದರು. ನೀರು ಕುದಿಸಬೇಕು, ಉಪ್ಪು ಬೆಲ್ಲ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ರೋಗಿಯನ್ನು ಮುಟ್ಟಿದ ಕೈಯನ್ನು ಒಲೆಯ ಬೂದಿ ಹಚ್ಚಿ ಮೊಳಕೈವರೆಗೆ ತೊಳೆಯಬೇಕು. ಕರಿ ಕಂಬಳಿ ಹೊದ್ದು ನರಳುತ್ತಿದ್ದ ನಾನೇ ಅವರಿಗೆ ರೋಗಿ.

ಮೂರನೆಯ ದಿನ ಮಧ್ಯಾಹ್ನ ಅಂಬಿಗ ಸುದ್ದಿ ತಂದ. ಎಂಟು ಜನರಲ್ಲಿ ಒಬ್ಬಳಾದ ಸೂಲಗಿತ್ತಿ ಸಾತವ್ವನ ತಂಗಿಗೆ ಕಡ್ಲಿಹಾಳದಲ್ಲಿ ವಾಂತಿಭೇದಿ ಶುರುವಾಗಿತ್ತು. ಸಾತವ್ವ ಎದ್ದೇಬಿಟ್ಟಳು.

“ಇವನಿಗೆ ಒಮ್ಮೆ ನೀರು ಕುಡಿಸಿ ಹೋಗವ್ವಾ,” ಎಂದರು ಅಪ್ಪಗಳು.

ಆಕೆ ಸಿಟ್ಟಿನಿಂದಲೇ ಕಂಬಳಿ ಸರಿಸಿ, ನನ್ನನ್ನು ಎಬ್ಬಿಸಿ ಕುಡಿಸಿದಳು. ಮೂಲೆಯಲ್ಲಿ ಅವಳ ಆರು ತಿಂಗಳ ಕೂಸು ಅಳುತ್ತಿತ್ತು. ಕೈಯನ್ನು ಸೆರಗಿಗೆ ಒರೆಸಿ, ಅದನ್ನೆತ್ತಿ ಬೆರಳು ಚೀಪಲು ಕೊಟ್ಟು, ಬಾಗಿಲಿಗೆ ನಡೆದಳು.

“ಕೈ?” ಎಂದರು ಅಪ್ಪಗಳು.

“ಎಪ್ಪಾ, ಅಲ್ಲಿ ನನ್ನ ತಂಗಿ ಸಾಯಾಕತ್ತಾಳ! ಈ ಮೈಗಳ್ಳ ಸುಳ್ಳೇ ನರಳ್ತಾನ. ಇವಂಗ ಯಾವ ರೋಗ ಐತಂತ ಕೈ ತೊಳ್ಕೊಳ್ಳಿ?”

ಅಪ್ಪಗಳು ಕೂಸಿನ ಕಡೆ ನೋಡಿದರು.

ಕೂಸಿನ ತುಟಿ, ಗದ್ದ ಎಲ್ಲ ನೀಲಿಗಟ್ಟಿತ್ತು. ಕಾಲರಾದಲ್ಲಿ ಮೈ ನೀಲಿಯಾಗುವುದನ್ನು ಕಂಡಿದ್ದ ಸಾತವ್ವ ಕಿಟಾರನೆ ಚೀರಿದಳು. ನಾನೂ ನರಳುವುದನ್ನು ನಿಲ್ಲಿಸಿದೆ.

ಅಪ್ಪಗಳು ಒದ್ದೆ ಬಟ್ಟೆಯಿಂದ ಕೂಸಿನ ಬಾಯಿ ಒರೆಸಿದರು. ಬೆಳಿಗ್ಗೆಯೇ, ನನಗೂ ಹೇಳದೆ, ಧೋತರಕ್ಕೆ ಹಾಕುವ ನೀಲಿ ಪುಡಿಯನ್ನು ನನ್ನ ಕಂಬಳಿಗೆ ಸವರಿದ್ದರು. ಕರಿಯಲ್ಲಿ ಅದು ಯಾರಿಗೆ ಕಾಣಬೇಕು?

“ಇದು ನೀಲಿ, ತಾಯಿ. ಒರಸಿದ್ರ ಹೋತು,” ಎಂದರು. “ಕಾಲರಾ ಹೋಗೂದಿಲ್ಲ.”

ಸಾತವ್ವ ತಾನಾಗಿಯೇ ಬೂದಿ ತೆಗೆದುಕೊಂಡು, ಕೈಗಳನ್ನು ಮೊಳಕೈವರೆಗೆ ತಿಕ್ಕಿ ತೊಳೆದಳು. ಕೂಸನ್ನು ಮಠದಲ್ಲೇ ಬಿಟ್ಟು ಉಳಿದ ಏಳು ಜನರೊಂದಿಗೆ ದೋಣಿ ಹತ್ತಿದಳು. ಮೂರು ವಾರ ಕಡ್ಲಿಹಾಳದಲ್ಲಿ ನಿಂತಳು. ತಂಗಿ ಬದುಕಿದಳು. ಎಂಟು ಜನರಲ್ಲಿ ಒಬ್ಬರಿಗೂ ರೋಗ ತಾಗಲಿಲ್ಲ, ಅದು ಹೊಳೆ ದಾಟಿ ಈಚೆಗೂ ಬರಲಿಲ್ಲ. ಮರಳಿದ ದಿನ ಆಕೆ ಅಪ್ಪಗಳ ಪಾದ ಮುಟ್ಟಲು ಓಡಿಬರಲಿಲ್ಲ. ಅಂಗಳದಲ್ಲೇ ನಿಂತು “ಬೂದಿ ಕೊಡ್ರಿ” ಎಂದಳು. ಅಪ್ಪಗಳ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಅವರು ಹೊರಟ ದಿನ ದೋಣಿಯ ಹಿಂದೆಯೇ ನಾನೂ ತುಂಬಿದ ಹೊಳೆಗೆ ಹಾರಿದ್ದೆ, ತಲೆಯ ಮೇಲೆ ಬೆಲ್ಲದ ಮೂಟೆ ಹೊತ್ತು! ನಲವತ್ತು ಮಂದಿಗೆ ಈ ಕೈಯಾರೆ...

ಸುಗಲಾ ಬರೆಯುವುದನ್ನು ನಿಲ್ಲಿಸಿದಳು. “ಅಜ್ಜಾ, ಎಲ್ಲಾರೂ ಹೊಳಿ ದಾಟಿದ್ರ ಮೂರು ವಾರ ಆ ಕೂಸಿನ ಕುಂಡಿ ತೊಳದವ್ರು ಯಾರು?”

ನಾನು ನಕ್ಕುಬಿಟ್ಟೆ.

“ಯಾರಾದ್ರೂ ತೊಳೀಬೇಕಲ್ಲವ್ವಾ. ಪ್ರತಿ ಸಲ ಬೂದಿ ಹಚ್ಚಿ ಕೈನೂ ತೊಳ್ಕೊಂಡೀನಿ. ಅದನ್ನ ಬರಿ.”